ಹೀಟ್ ಪೈಪ್: ನೀರು ವಾಪಸ್ ಬರುವ ದಾರಿ ಸಿಕ್ಕ ಕತೆ

ಲ್ಯಾಪ್‌ಟಾಪ್ ಬಿಚ್ಚಿದರೆ ಪ್ರೊಸೆಸರ್‌ನಿಂದ ಫ್ಯಾನಿನ ಕಡೆಗೆ ಹೋಗುವ ಒಂದು ಚಪ್ಪಟೆ ತಾಮ್ರದ ಕೊಳವೆ ಕಾಣುತ್ತದೆ. ಅದೇ ಹೀಟ್ ಪೈಪ್. ಅದನ್ನು ಕತ್ತರಿಸಿ ನೋಡಿ. ಒಳಗೆ ಹೆಚ್ಚುಕಮ್ಮಿ ಖಾಲಿ. ಗೋಡೆಗೆ ತಾಮ್ರದ ಪುಡಿ ಕಚ್ಚಿಕೊಂಡ ಒರಟು ಪದರ, ಅದರಲ್ಲಿ ಒಂದಿಷ್ಟು ತೇವ. ಅಷ್ಟೇ! ಆದರೂ ಅದೇ ದಪ್ಪದ ಗಟ್ಟಿ ತಾಮ್ರದ ಸರಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ.

ಎಲ್ಲಾ ಆವಿಯ ಮಹಿಮೆ. ಒಂದು ಕಿಲೋ ನೀರನ್ನು 0 ಡಿಗ್ರಿಯಿಂದ 100ರವರೆಗೆ ಕಾಯಿಸಲು ಸುಮಾರು 420 ಕಿಲೋಜೂಲ್ ಸಾಕು. ಅಲ್ಲಿಂದ ಪೂರ್ತಿ ಆವಿ ಮಾಡಲು ಸುಮಾರು 2,260 ಬೇಕು. ಗಾಳಿ ತೆಗೆದು ಮುಚ್ಚಿದ ಕೊಳವೆಯಲ್ಲಿ ನೀರು 30–40 ಡಿಗ್ರಿಗೇ ಕುದಿಯಬಲ್ಲದು. ಬಿಸಿ ತುದಿಯಲ್ಲಿ ಆವಿಯಾಗಿ ಹೊರಡುತ್ತದೆ, ತಣ್ಣನೆಯ ತುದಿಯಲ್ಲಿ ನೀರಾಗಿ ಆ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಆದರೆ ನೀರು ಮತ್ತೆ ಬಿಸಿ ತುದಿಗೆ ಬರಬೇಕಲ್ವಾ? ಕಷ್ಟ ಇರುವುದು ಅಲ್ಲೇ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ಪರ್ಕಿನ್ಸ್ ಮನೆತನದವರು ಇದನ್ನು ಇಳಿಜಾರಿಗೆ ಬಿಟ್ಟರು. ಮುಚ್ಚಿದ ಕೊಳವೆಯ ಕೆಳತುದಿ ಬೆಂಕಿಯಲ್ಲಿ, ಮೇಲ್ತುದಿ ಬ್ರೆಡ್ ಒಲೆಯಲ್ಲಿ. ನೀರು ತಾನೇ ಕೆಳಗೆ ಹರಿಯುತ್ತಿತ್ತು. ಹೊಗೆ, ಬೂದಿ ಬ್ರೆಡ್ಡಿನ ಹತ್ತಿರವೂ ಸುಳಿಯುತ್ತಿರಲಿಲ್ಲ.

ಬಿಸಿ ತುದಿಯೇ ಮೇಲಿದ್ದರೆ? ಜನರಲ್ ಮೋಟರ್ಸ್‌ನ ರಿಚರ್ಡ್ ಗಾಗ್ಲರ್ ತಲೆಗೆ ಹೊಳೆದದ್ದು ಬತ್ತಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವ ಹಾಗೆ, ಕೊಳವೆಯ ಒಳಗೋಡೆಯ ಸಣ್ಣ ರಂಧ್ರಗಳು ನೀರನ್ನು ಎಳೆದು ತರುತ್ತವೆ. ಫ್ರಿಜ್‌ಗಾಗಿ ಮಾಡಿದ ಈ ಯೋಚನೆಗೆ 1944ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಕಂಪನಿ ಅದನ್ನು ಬಳಸಲೇ ಇಲ್ಲ. ಇಂಥ ಒಳ್ಳೆ ಯೋಚನೆ ಸುಮ್ನೆ ಕಡತದಲ್ಲಿ ಬಿದ್ದಿತ್ತಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ತಾವೇ ಹೊಸದಾಗಿ ಇದನ್ನು ಕಂಡುಕೊಂಡರು. ‘ಹೀಟ್ ಪೈಪ್’ ಎಂಬ ಹೆಸರೂ ಅವರದೇ. ಅವರಿಗೆ ಬೇಕಿದ್ದದ್ದು ಬಾಹ್ಯಾಕಾಶದ ಅಣುಶಕ್ತಿ ಯಂತ್ರಗಳಿಗೆ. ಅಲ್ಲಿ ಮೇಲೆ–ಕೆಳಗೆ ಎಂಬುದೇ ಇಲ್ಲ, ಹಾಗಾಗಿ ಬತ್ತಿಯೇ ಗತಿ. 1967ರಲ್ಲಿ ಹೀಟ್ ಪೈಪ್ ಕಕ್ಷೆಗೆ ಹೋಗಿ ಕೆಲಸ ಮಾಡಿ ತೋರಿಸಿತು.

ನೆಲದ ಮೇಲೆ ಇದರ ಬೆಲೆ ಜನಕ್ಕೆ ಗೊತ್ತಾದದ್ದು 1970ರ ದಶಕದಲ್ಲಿ, ತೈಲ ತುಟ್ಟಿಯಾದಾಗ. ಚಿಮಣಿಯಿಂದ ಹೊರಹೋಗುವ ಬಿಸಿಯನ್ನು ಯಾಕೆ ಬಿಡಬೇಕು? ತೆಳು ತಗಡಿನ ರೆಕ್ಕೆ ಹಚ್ಚಿದ ಹೀಟ್ ಪೈಪ್‌ಗಳ ಸಾಲು, ನಡುವೆ ಒಂದು ತಡೆಗೋಡೆ. ಒಂದು ಕಡೆ ಹೊರಹೋಗುವ ಬಿಸಿಗಾಳಿ, ಇನ್ನೊಂದು ಕಡೆ ಒಳಬರುವ ತಣ್ಣನೆಯ ಗಾಳಿ. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಒಂದು ಕೊಳವೆ ಕೆಟ್ಟರೂ ಉಳಿದವು ದುಡಿಯುತ್ತವೆ. ಇಲ್ಲಿ ಎಷ್ಟೋ ಕಡೆ ಬತ್ತಿಯೂ ಬೇಡ, ಪರ್ಕಿನ್ಸ್‌ರ ಇಳಿಜಾರೇ ಸಾಕು. ಅಲಾಸ್ಕಾದ ತೈಲ ಪೈಪ್‌ಲೈನ್‌ನಲ್ಲೂ ಇದೇ ಉಪಾಯ. ಅಲ್ಲಿ ಪೈಪ್‌ಲೈನ್ ಹೊತ್ತ ಕಂಬಗಳೊಳಗಿನ 1,20,000ಕ್ಕೂ ಹೆಚ್ಚು ಅಮೋನಿಯಾ ಕೊಳವೆಗಳು ಚಳಿಗಾಲದಲ್ಲಿ ನೆಲದ ಶಾಖವನ್ನು ಹೊರಹಾಕಿ, ಹೆಪ್ಪುಗಟ್ಟಿದ ನೆಲ ಕರಗದಂತೆ ಕಾಯುತ್ತವೆ.

ಕೊಳವೆಗೂ ಒಳಗಿನ ದ್ರವಕ್ಕೂ ಮಾತ್ರ ಹೊಂದಾಣಿಕೆ ಇರಬೇಕು. ತಾಮ್ರ–ನೀರು ಒಳ್ಳೆ ಜೋಡಿ. ಅಲ್ಯೂಮಿನಿಯಂಗೆ ನೀರು ಹಾಕಿದರೆ ನಿಧಾನವಾಗಿ ಹೈಡ್ರೋಜನ್ ಹುಟ್ಟುತ್ತದೆ. ಆವಿ ಅದನ್ನು ತಳ್ಳಿಕೊಂಡು ಹೋಗಿ ತಣ್ಣನೆಯ ತುದಿಯಲ್ಲಿ ಕೂರಿಸುತ್ತದೆ. ಆಮೇಲೆ ಆವಿಗೆ ಅಲ್ಲಿ ಜಾಗವಿಲ್ಲ. ಕೊಳವೆಯ ಉದ್ದಕ್ಕೂ ಕೈಯಾಡಿಸಿದರೆ ಗೊತ್ತಾಗುತ್ತದೆ: ಬೆಚ್ಚಗೆ ಬರುತ್ತಾ ಬರುತ್ತಾ, ಒಂದು ಕಡೆ ಥಟ್ಟನೆ ತಣ್ಣಗೆ.