ಅಪಾರ್ಟ್‌ಮೆಂಟಿನ ಗೊಬ್ಬರದ ತೊಟ್ಟಿ ಏಕೆ ನಾರುತ್ತದೆ?

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ನಿವಾಸಿಗಳ ಸಭೆಯಲ್ಲಿ ನೀರಿನ ಟ್ಯಾಂಕರ್ ಮತ್ತು ಪಾರ್ಕಿಂಗ್ ವಿಷಯಗಳನ್ನು ಬಿಟ್ಟರೆ ಹೆಚ್ಚು ಜಗಳ ಹುಟ್ಟಿಸುವುದು ಕಾಂಪೌಂಡಿನ ಮೂಲೆಯಲ್ಲಿರುವ ಗೊಬ್ಬರದ ತೊಟ್ಟಿ. ನಾತ ತಡೆಯಲಾಗದೆಂದು ನೆಲಮಹಡಿಯವರು ದೂರುತ್ತಾರೆ. ಸಮಿತಿಯವರು ಪರಿಮಳದ ದ್ರಾವಣ ಸಿಂಪಡಿಸಿ ಸಮಾಧಾನ ಹೇಳುತ್ತಾರೆ. ತಿಪ್ಪೆ ಸಾರಿಸುವುದು ಎಂಬ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು. ಆದರೆ ಆ ನಾತ ಯಾವ ಬಗೆಯದೆಂದು ಸ್ವಲ್ಪ ಹೊತ್ತು ಮೂಗಿಟ್ಟು ಗಮನಿಸಿದರೆ, ತೊಟ್ಟಿಯೊಳಗೆ ಏನು ಏರುಪೇರಾಗಿದೆ ಎಂಬುದನ್ನು ಬಹುಮಟ್ಟಿಗೆ ಅಲ್ಲಿಯೇ ಹೇಳಿಬಿಡಬಹುದು.

ಈ ತೊಟ್ಟಿಗಳು ನಗರಕ್ಕೆ ಬಂದದ್ದು ಪರಿಸರಪ್ರೇಮದಿಂದ ಮಾತ್ರವಲ್ಲ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ಬೆಂಗಳೂರಿನ ರಸ್ತೆಗಳಲ್ಲಿ ಕಸ ರಾಶಿ ಬಿದ್ದಿತು. ಗ್ರಾಮಸ್ಥರ ಹೋರಾಟದ ಫಲವಾಗಿ 2014ರ ಕೊನೆಗೆ ಮಂಡೂರಿಗೂ ಕಸದ ಲಾರಿಗಳು ಹೋಗುವುದು ನಿಂತಿತು. ಮರುವರ್ಷ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು, ಅಂದರೆ ಹಸಿ ಕಸಕ್ಕೂ ಮರುಬಳಕೆಯಾಗದ ಕಸಕ್ಕೂ ಒಂದೊಂದು ಬುಟ್ಟಿ, ಒಣ ಕಸಕ್ಕೆ ಚೀಲ ಇಡುವುದನ್ನು, ಕಡ್ಡಾಯಗೊಳಿಸಿತು. 2016ರ ಕೇಂದ್ರ ನಿಯಮಗಳು, ದಿನಕ್ಕೆ ಸರಾಸರಿ 100 ಕಿಲೊಗಿಂತ ಹೆಚ್ಚು ಕಸ ಹೊರಹಾಕುವವರನ್ನು ಸಗಟು ತ್ಯಾಜ್ಯ ಉತ್ಪಾದಕರೆಂದು ಗುರುತಿಸಿ, ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲಿಯೇ ಸಂಸ್ಕರಿಸಿಕೊಳ್ಳಬೇಕೆಂದು ಹೇಳಿದವು. ಹೀಗೆ ಸೂಕ್ಷ್ಮಜೀವಿಗಳನ್ನು ಸಾಕುವ ಹೊಣೆ, ಅದರ ಬಗ್ಗೆ ಏನೂ ತಿಳಿಯದ ಸಮಿತಿಗಳ ಹೆಗಲಿಗೆ ಬಿತ್ತು.

ಸಾಕುವುದು ಎಂದು ಬೇಕೆಂದೇ ಬರೆದಿದ್ದೇನೆ. ತೊಟ್ಟಿಯಲ್ಲಿ ಕಸವನ್ನು ಕರಗಿಸುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ನಮ್ಮಂತೆಯೇ ಆಹಾರ, ನೀರು ಮತ್ತು ಗಾಳಿ ಬೇಕು, ಅದೂ ಹದವಾದ ಪ್ರಮಾಣದಲ್ಲಿ. ಅವುಗಳ ದೇಹದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು ಎಂಟು ಪಾಲು ಇಂಗಾಲವಿರುತ್ತದೆ. ಆ ಎಂಟು ಪಾಲನ್ನು ಮೈಗೂಡಿಸಿಕೊಳ್ಳುವಷ್ಟರಲ್ಲಿ ಅವು ಇನ್ನೂ ಹದಿನಾರು ಪಾಲಿನಷ್ಟು ಇಂಗಾಲವನ್ನು ಶಕ್ತಿಗಾಗಿ ಉರಿಸಿ ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಬಿಡುತ್ತವೆ. ಎರಡನ್ನೂ ಕೂಡಿಸಿದರೆ ಅವುಗಳ ಊಟದಲ್ಲಿ ಸಾರಜನಕದ ಇಪ್ಪತ್ತನಾಲ್ಕು ಪಟ್ಟು, ಸ್ಥೂಲವಾಗಿ ಇಪ್ಪತ್ತೈದು ಪಟ್ಟು, ಇಂಗಾಲವಿರಬೇಕೆಂದಾಯಿತು. ಅಡುಗೆಮನೆಯ ಕಸದಲ್ಲಿ ಅದು ಹದಿನೈದು ಪಟ್ಟಿನ ಆಸುಪಾಸಿನಲ್ಲಿ ಇರುತ್ತದೆ. ಮಿಕ್ಕುಳಿದ ಸಾರಜನಕವನ್ನು ಸೂಕ್ಷ್ಮಜೀವಿಗಳು ಅಮೋನಿಯವಾಗಿ ಹೊರಹಾಕುತ್ತವೆ. ಕಣ್ಣು ಉರಿಸುವ, ಮೂತ್ರದ ವಾಸನೆಯನ್ನು ಹೋಲುವ ಘಾಟು ಅದರದ್ದೇ.

ಕೊಳೆತ ಮೊಟ್ಟೆಯ ವಾಸನೆಗೆ ಕಾರಣ ಬೇರೆ. ಹಸಿ ಕಸದ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಆಗಿರುವುದರಿಂದ, ಅದು ತನ್ನ ಭಾರಕ್ಕೆ ತಾನೇ ಕುಸಿದಾಗ ಚೂರುಗಳ ನಡುವಿನ ಸಂದುಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ಆಮ್ಲಜನಕವು ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಆ ಜಾಗವನ್ನು ಆಮ್ಲಜನಕವಿಲ್ಲದೆ ಬದುಕುವ ಜೀವಿಗಳು ಆಕ್ರಮಿಸಿ, ಹುಳಿ ಆಮ್ಲಗಳನ್ನೂ ಹೈಡ್ರೊಜನ್ ಸಲ್ಫೈಡನ್ನೂ ಮೀಥೇನನ್ನೂ ಉಂಟುಮಾಡುತ್ತವೆ. ಇವುಗಳಲ್ಲಿ ಮೀಥೇನಿಗೆ ಮಾತ್ರ ವಾಸನೆಯಿಲ್ಲ, ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಲಶಾಲಿ. ಊರ ಹೊರಗಿನ ಕಸದ ಗುಡ್ಡದ ಒಡಲಲ್ಲಿ ನಡೆಯುವುದೂ ಇದೇ ಕ್ರಿಯೆ.

ಸ್ವಾರಸ್ಯವೆಂದರೆ ಎರಡೂ ರೋಗಗಳಿಗೆ ಮದ್ದು ಒಂದೇ, ಅದು ತರಗೆಲೆ. ಸ್ಥೂಲವಾಗಿ ಲೆಕ್ಕ ಹಾಕಿದರೆ 100 ಕಿಲೊ ಹಸಿ ಕಸಕ್ಕೆ 30 ಕಿಲೊಗಿಂತ ಸ್ವಲ್ಪ ಹೆಚ್ಚು ಒಣ ಎಲೆ ಬೆರೆಸಿದಾಗ ಇಂಗಾಲದ ಪ್ರಮಾಣ ಬೇಕಾದ ಇಪ್ಪತ್ತೈದು ಪಟ್ಟಿಗೆ ಏರುತ್ತದೆ. ಅದೇ ಮಿಶ್ರಣದ ತೇವಾಂಶ ಶೇ 75ರಿಂದ ಶೇ 60ರ ಸಮೀಪಕ್ಕೆ ಇಳಿಯುತ್ತದೆ. ಗೊಬ್ಬರಕ್ಕೆ ಹದವಾದ ತೇವಾಂಶವೂ ಶೇ 50ರಿಂದ 60. ತೂಕದಲ್ಲಿ ಮೂರನೇ ಒಂದು ಪಾಲು ಎಂದರೆ ಗಾತ್ರದಲ್ಲಿ ದೊಡ್ಡ ರಾಶಿಯೇ ಆಗುತ್ತದೆ, ಆ ಎಲೆಗಳ ಮಡಿಕೆಗಳಲ್ಲಿ ಗಾಳಿಗೂ ದಾರಿಯಾಗುತ್ತದೆ. ಆದರೂ ನಮ್ಮ ನಗರದಲ್ಲಿ ಮಾಗಿ ಕಳೆಯುವ ಹೊತ್ತಿಗೆ ಹೊಂಗೆಯ ಮರಗಳು ಉದುರಿಸಿದ ಎಲೆಯನ್ನು ಗುಡಿಸಿ, ರಸ್ತೆಬದಿಯಲ್ಲಿ ಬೆಂಕಿ ಹಚ್ಚುತ್ತೇವೆ; ಆಮೇಲೆ ಹಣ ಕೊಟ್ಟು ತೆಂಗಿನ ನಾರಿನ ಪುಡಿಯನ್ನೂ ಮರದ ಹೊಟ್ಟನ್ನೂ ತರಿಸುತ್ತೇವೆ. ಎಲೆಯನ್ನು ಗೋಣಿಚೀಲಗಳಲ್ಲಿ ತುಂಬಿಟ್ಟುಕೊಳ್ಳುವ ಅಪಾರ್ಟ್‌ಮೆಂಟಿಗೆ ವರ್ಷದ ಕಷ್ಟದ ದಿನಗಳನ್ನು ದಾಟುವುದು ಸುಲಭ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿಯ ಸಿಪ್ಪೆ, ಮೇ ತಿಂಗಳಲ್ಲಿ ಮಾವಿನ ಓಟೆ ಮತ್ತು ಹಲಸಿನ ರಚ್ಚೆ, ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ, ಹೀಗೆ ನಮ್ಮ ತೊಟ್ಟಿಗೂ ಒಂದು ಪಂಚಾಂಗವಿದೆ.

ಒಂದು ವಿಷಯದಲ್ಲಿ ಅಪಾರ್ಟ್‌ಮೆಂಟು ಒಂಟಿ ಮನೆಗಿಂತ ಅದೃಷ್ಟಶಾಲಿ. ಉಸಿರಾಡುವ ಸೂಕ್ಷ್ಮಜೀವಿಗಳು ಶಾಖವನ್ನೂ ಹೊರಬಿಡುತ್ತವೆ. ಬಾಲ್ಕನಿಯ ಮಡಕೆಯಲ್ಲಿ ಆ ಶಾಖ ಹುಟ್ಟಿದಷ್ಟೇ ಬೇಗ ಸೋರಿಹೋಗುತ್ತದೆ. ಆದರೆ ರಾಶಿಯು ಒಂದು ಘನ ಮೀಟರಿನಷ್ಟಾದರೆ ಒಳಗಿನ ಶಾಖಕ್ಕೆ ಹೊರಗಿನ ಪದರವೇ ಹೊದಿಕೆಯಾಗಿ, ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ರಾಶಿಯ ಎಲ್ಲ ಭಾಗಗಳೂ ಕೆಲವು ದಿನ ಆ ಬಿಸಿಯಲ್ಲಿ ಇರುವಂತೆ ಮಗುಚುತ್ತಿದ್ದರೆ ರೋಗಾಣುಗಳು, ನೊಣದ ಮರಿಗಳು, ಕಳೆಯ ಬೀಜಗಳು ಬಹುಪಾಲು ಸಾಯುತ್ತವೆ. ನೂರು ಮನೆಗಳ ಕಸ ಒಂದೆಡೆ ಸೇರುವುದು ಇಲ್ಲಿ ಶಾಪವಲ್ಲ, ವರ.

ಈ ಜಗಳದಿಂದ ಬೇಸತ್ತ ಸಮಿತಿಗಳಿಗೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಗೊಬ್ಬರ ಮಾಡಿಕೊಡುವೆವೆಂಬ ಯಂತ್ರಗಳು ಆಕರ್ಷಕವಾಗಿ ಕಾಣುತ್ತವೆ. ನನಗಿರುವ ಅನುಮಾನ ಸರಳವಾದದ್ದು. ಹೀಟರಿನಿಂದ ಕಸವನ್ನು ಕಾಯಿಸಿ, ತಿರುವಿ, ಪುಡಿ ಮಾಡಿದರೆ ನೀರು ಆರಿ ಗಾತ್ರ ಕುಗ್ಗುತ್ತದೆ, ನಾತವೂ ಅಡಗುತ್ತದೆ. ಆದರೆ ಸೂಕ್ಷ್ಮಜೀವಿಗಳು ವಾರಗಟ್ಟಲೆ ಮಾಡುವ ಕೆಲಸ ಅಷ್ಟರಲ್ಲಿ ಮುಗಿದಿರುವುದಿಲ್ಲ. ಹಪ್ಪಳವನ್ನು ಒಣಗಿಸಿಟ್ಟಂತೆ ಕಸವನ್ನು ಒಣಗಿಸಿಟ್ಟಿರುತ್ತೇವೆ, ಅಷ್ಟೇ. ಆ ಪುಡಿಯನ್ನು ಗಿಡದ ಬುಡಕ್ಕೆ ಹಾಕಿ ನೀರೆರೆದಾಗ ಕೊಳೆಯುವಿಕೆ ಅಲ್ಲಿ ಮತ್ತೆ ಶುರುವಾಗಿ, ಸೂಕ್ಷ್ಮಜೀವಿಗಳು ಬೇರಿನ ಪಾಲಿನ ಆಮ್ಲಜನಕವನ್ನೇ ಕಸಿದುಕೊಳ್ಳುತ್ತವೆ. ಕತ್ತರಿಸಿ ಬೆರೆಸಿಕೊಡುವ ಯಂತ್ರಗಳು ಉಪಯುಕ್ತ, ಆದರೆ ಅವುಗಳಿಂದ ಹೊರಬಂದದ್ದನ್ನೂ ಗಾಳಿಯಾಡುವ ಕ್ರೇಟುಗಳಲ್ಲಿ ಮಾಗಲು ಬಿಡಬೇಕು.

ಒಣ ಕಸದ ಕತೆ ಬೇರೆಯಾದರೂ ಅದರ ಭವಿಷ್ಯವೂ ಹಸಿ ಕಸದಿಂದ ಅದು ಎಷ್ಟು ದೂರವಿತ್ತು ಎಂಬುದನ್ನೇ ಅವಲಂಬಿಸಿದೆ. ಪುಡಿ ಮಾಡಿದ ಪ್ಲಾಸ್ಟಿಕನ್ನು ನೀರಿಗೆ ಹಾಕಿದರೆ ನೀರಿನ ಬಾಟಲಿಯ ಪೆಟ್ ಮುಳುಗುತ್ತದೆ, ಅದರ ಮುಚ್ಚಳದ ಪಾಲಿಪ್ರೊಪಿಲೀನ್ ತೇಲುತ್ತದೆ. ಬೇರ್ಪಡಿಸುವ ಕೆಲಸ ಅಷ್ಟು ಸುಲಭ. ಸಾಂಬಾರು ಮೆತ್ತಿದ ರಟ್ಟಿನಿಂದ ಎಣ್ಣೆಯನ್ನು ಬೇರ್ಪಡಿಸಲು ಮಾತ್ರ ಅಂಥ ಅಗ್ಗದ ಉಪಾಯವಿಲ್ಲ. ಬೆರೆಸುವುದಕ್ಕೆ ಕ್ಷಣ ಸಾಕು; ಬಿಡಿಸುವ ಶ್ರಮ ಒಣ ಕಸದ ಕೇಂದ್ರದಲ್ಲಿ ಕೈಯಿಂದ ಆರಿಸುವವರ ಪಾಲಿಗೆ ಬೀಳುತ್ತದೆ. ತೊಟ್ಟಿಯ ಕಡೆಯಿಂದ ನೋಡಿದರೂ ಹಾಗೆಯೇ. ಶಾಂಪೂ ಪೊಟ್ಟಣವೊಂದು ಚೂರಾಗಿ ಗೊಬ್ಬರದಲ್ಲಿ ಸೇರಿತೆಂದರೆ ಮತ್ತೆ ಜರಡಿಗೆ ಸಿಗುವುದಿಲ್ಲ.

100 ಕಿಲೊ ಹಸಿ ಕಸ ಕೊನೆಗೆ 15ರಿಂದ 25 ಕಿಲೊ ಗೊಬ್ಬರವಾಗುತ್ತದೆ. ಅದು ಮಾಗಿದೆಯೇ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಓಡಬೇಕಾಗಿಲ್ಲ. ಒಂದು ಹಿಡಿ ಗೊಬ್ಬರವನ್ನು ಒದ್ದೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮೂರು ದಿನಗಳ ಬಳಿಕ ಮುಚ್ಚಳ ತೆರೆದು ಮೂಸಿ ನೋಡಬೇಕು. ಹುಳಿ ಅಥವಾ ಅಮೋನಿಯದ ವಾಸನೆಯಿದ್ದರೆ ಅದನ್ನು ರಾಶಿಗೇ ಹಿಂತಿರುಗಿಸಬೇಕು. ಮಣ್ಣಿನ ವಾಸನೆ ಬಂದರೆ ಅದು ಸ್ಟ್ರೆಪ್ಟೊಮೈಸಿಸ್‌ನಂಥ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೊಸ್ಮಿನ್ ಎಂಬ ವಸ್ತುವಿನದು, ರಾಶಿಯಲ್ಲಿ ಗಾಳಿಯಾಡುತ್ತಿತ್ತು ಎಂಬುದರ ಗುರುತು. ಇನ್ನೂ ಸಂದೇಹವಿದ್ದವರು ಆ ಡಬ್ಬಿಯ ಗೊಬ್ಬರದಲ್ಲಿಯೇ ಹತ್ತು ಮೆಂತ್ಯದ ಕಾಳು ಬಿತ್ತಿ, ಎಷ್ಟು ಮೊಳೆತವೆಂದು ಎಣಿಸಬಹುದು.