ಪದ ಪರಿಚಯ: ‘ಬೋರ್ ಮಾಡಿಸಿದ’ ಎಂಜಿನ್

ಗೆಳೆಯನೊಬ್ಬ ಹಳೆ ಮಾರುತಿ ಜಿಪ್ಸಿ ತಗೊಳ್ಳಬೇಕು ಅಂತಿದ್ದ. ನೋಡಿ ಬರೋಣ ಬಾ ಅಂತ ನನ್ನನ್ನೂ ಕರೆದುಕೊಂಡು ಹೋದ. ಬಾನೆಟ್ ಎತ್ತಿದ ಕೂಡಲೇ ಮಾರುವವರು ಶುರು ಮಾಡಿದರು: "ಫುಲ್ ಎಂಜಿನ್ ಕೆಲಸ ಆಗಿದೆ ಸರ್. ರ‍್ಯಾಲಿಗೆ ಅಂತಾನೇ ಬೋರ್ ಮಾಡಿಸಿದ್ದು. ಪಿಕಪ್ ನೋಡಿ ಹೆಂಗಿದೆ!" ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು. "ಎಷ್ಟು ಸೈಜ್?" ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ಬೋರ್ ಅಂದರೆ ಎಂಜಿನ್ ಬ್ಲಾಕಿನಲ್ಲಿ ಪಿಸ್ಟನ್ ಓಡಾಡುವ ಸಿಲಿಂಡರಿನ ವ್ಯಾಸ. ಜಿಪ್ಸಿ ಕಿಂಗ್‌ನ 1298 ಸಿಸಿ ಎಂಜಿನ್ನಿನಲ್ಲಿ ಅದು 74 ಮಿ.ಮೀ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೆ ಈ ಸಿಲಿಂಡರ್ ಸವೆಯುತ್ತದೆ. ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ, ಮೇಲ್ಭಾಗದಲ್ಲಿ ಜಾಸ್ತಿ, ಕೆಳಗೆ ಕಡಿಮೆ. ದುಂಡಗಿದ್ದದ್ದು ಸ್ವಲ್ಪ ಮೊಟ್ಟೆಯಾಕಾರಕ್ಕೆ ಬರುತ್ತದೆ. ಆಗ ಬ್ಲಾಕನ್ನು ಲೇತ್ ಅಂಗಡಿಗೆ ಒಯ್ದು, ಒಳಗೋಡೆಯನ್ನು ಕೊರೆದು ಮತ್ತೆ ದುಂಡಗೆ ಮಾಡಿಸುತ್ತಾರೆ. ಇದೇ ‘ಬೋರ್ ಮಾಡಿಸುವುದು’. ತೂತು ದೊಡ್ಡದಾಯಿತಲ್ಲ, ಹಳೆ ಪಿಸ್ಟನ್ ಅಲ್ಲಿ ಕೂರುವುದಿಲ್ಲ. ಅಷ್ಟೇ ದಪ್ಪನೆಯ ಹೊಸ ಪಿಸ್ಟನ್ ಬೇಕು. ಅದಕ್ಕೇ ‘ಓವರ್‌ಸೈಜ್’ ಅನ್ನುವುದು. ಮೂಲ ಅಳತೆಗಿಂತ 0.25, 0.50 ಮಿ.ಮೀ. ಹೆಚ್ಚು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತವೆ. ಸಾಮಾನ್ಯವಾಗಿ ಪಿಸ್ಟನ್ನಿನ ತಲೆಯ ಮೇಲೇ ಆ ಅಂಕಿ ಅಚ್ಚಾಗಿರುತ್ತದೆ.

ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ವಿಷಯದಲ್ಲಿ ಇದು ಉಲ್ಟಾ. ಅದನ್ನು ಉಜ್ಜಿ ನಯ ಮಾಡಿದಾಗ ಶಾಫ್ಟ್ ಸಣ್ಣದಾಗುತ್ತದೆ, ಬೇರಿಂಗ್ ದಪ್ಪದ್ದು ಹಾಕಬೇಕು. ಅದು ‘ಅಂಡರ್‌ಸೈಜ್’.

ಇನ್ನು ‘ಪಿಕಪ್ ಜಾಸ್ತಿ’ ಅನ್ನುವ ಮಾತು. ಲೆಕ್ಕ ಹಾಕಿ ನೋಡಿ. ಜಿಪ್ಸಿ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ, 75.5 ಮಿ.ಮೀ. ಬೋರ್ 74ರಿಂದ 74.5ಕ್ಕೆ ಹೋದರೆ ನಾಲ್ಕೂ ಸಿಲಿಂಡರ್ ಸೇರಿ ಹೆಚ್ಚಾಗುವುದು ಬರೀ 18 ಸಿಸಿ ಆಸುಪಾಸು. ಅಂದರೆ ನೂರಕ್ಕೆ ಒಂದೂವರೆ ಪಾಲೂ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ನಿಜವಾಗಿ ಶಕ್ತಿ ಏರಿಸಬೇಕೆಂದರೆ ಕ್ಯಾಮ್ (ವಾಲ್ವ್ ತೆರೆಯುವ ಭಾಗ), ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ), ಕಂಪ್ರೆಷನ್ ರೇಷಿಯೋ (ಪೆಟ್ರೋಲ್-ಗಾಳಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಕಡೆ ಕೆಲಸ ಆಗಬೇಕು. ಇಷ್ಟು ಬೋರ್ ಮಾಡಿಸುವುದು ರಿಪೇರಿ. ಒಳ್ಳೆಯ ರಿಪೇರಿಯೇ, ಆದರೆ ಸರಿಯಾಗಿ ಆಗಿದ್ದರೆ ಮಾತ್ರ.

ಸರಿಯಾಗಿ ಅಂದರೆ? ಪಿಸ್ಟನ್‌ಗೂ ಸಿಲಿಂಡರ್ ಗೋಡೆಗೂ ನಡುವೆ ಬಿಡುವ ಜಾಗ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು, ತಲೆಕೂದಲಿಗಿಂತ ತೆಳು. ಜಾಸ್ತಿಯಾದರೆ ಪಿಸ್ಟನ್ ಬಡಿಯುತ್ತದೆ, ಕಡಿಮೆಯಾದರೆ ಬಿಸಿಯಲ್ಲಿ ಹಿಗ್ಗಿ ಹಿಡಿದುಕೊಳ್ಳುತ್ತದೆ. ಬೋರ್ ಆದ ಮೇಲೆ ಹೋನಿಂಗ್, ಅಂದರೆ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು, ಆಗಬೇಕು. ಗೋಡೆಯ ಮೇಲೆ ಅಡ್ಡಡ್ಡ ಬಲೆ ಹೆಣೆದ ಹಾಗೆ ಸಣ್ಣ ಗೀರುಗಳು ಕಾಣಬೇಕು. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ, ಪಿಸ್ಟನ್ ಸುತ್ತಲಿನ ರಿಂಗ್ ಚೆನ್ನಾಗಿ ಕೂರುತ್ತದೆ. ಖರ್ಚು ಉಳಿಸಲು ಕೆಲವರು ಕೊರೆಸದೆ, ಸವೆದ ಗೋಡೆಗೇ ಹೊಸ ರಿಂಗ್ ಹಾಕಿ ‘ಫುಲ್ ಎಂಜಿನ್ ಕೆಲಸ’ ಅಂದುಬಿಡುತ್ತಾರೆ. ದುಂಡಗಿನ ರಿಂಗ್ ಮೊಟ್ಟೆಯಾಕಾರದ ತೂತಿಗೆ ಕೂರುವುದಾದರೂ ಹೇಗೆ? ಸ್ವಲ್ಪ ದಿನ ಚೆನ್ನಾಗಿರುತ್ತದೆ. ಆಮೇಲೆ ಆಯಿಲ್ ಉರಿದು ನೀಲಿ ಹೊಗೆ.

ತಗೊಳ್ಳುವ ಮುಂಚೆ ಇದನ್ನು ಪತ್ತೆ ಮಾಡಬಹುದು. ಮೊದಲಿಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ನಾವು ಹೋದಾಗ ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು, ಆಗಲೇ ಒಂದು ರೌಂಡ್ ಓಡಿಸಿಟ್ಟಿದ್ದರು. ತಣ್ಣಗಿದ್ದಾಗ ಬರುವ ಬಡಿತ, ಮೊದಲ ಹೊಗೆ, ಎರಡೂ ನಮಗೆ ತಪ್ಪಿಹೋಯಿತು.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡುವುದು ಮಾತ್ರ ಎಂಜಿನ್ ಬಿಸಿಯಾದ ಮೇಲೆ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು, ಗೇಜ್ ಇಟ್ಟು ಒಂದೊಂದೇ ಸಿಲಿಂಡರ್ ನೋಡಬೇಕು. ಒಟ್ಟು ಎಷ್ಟು ಬಂತು ಅನ್ನುವಷ್ಟೇ ಮುಖ್ಯ, ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದು. ಒಂದು ಕಡಿಮೆ ಬಂದರೆ ಆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಇದ್ದರೆ ಅದೇ ತೂತಿನಿಂದ ಒಳಗೆ ಬಿಡಿ. ಗೋಡೆಯ ಗೀರು ಕಾಣುತ್ತದೆ. ಇಂಗಾಲ ಕಟ್ಟಿರದಿದ್ದರೆ ಪಿಸ್ಟನ್ ಮೇಲಿನ ಅಂಕಿಯೂ ಕಾಣಬಹುದು.

ಲೇತ್ ಅಂಗಡಿಯ ಬಿಲ್ ಕೇಳಿ. ಅಳತೆ ಬರೆದ ಬಿಲ್ ಇದ್ದರೆ ನಾನು ನಂಬುತ್ತೇನೆ. ಸುಮ್ನೆ ‘ಎಂಜಿನ್ ಕೆಲಸ’ ಅಂತ ಒಂದು ಮೊತ್ತ ಬರೆದ ಚೀಟಿ ನಂಬುವುದಿಲ್ಲ. ಬ್ಲಾಕಿನ ಮೇಲಿನ ಎಂಜಿನ್ ನಂಬರನ್ನೂ ಆರ್‌ಸಿಯಲ್ಲಿರುವುದರ ಜೊತೆ ಹೋಲಿಸಿ. ಬೇರೆ ಎಂಜಿನ್ ಕೂರಿಸಿದ್ದರೆ ಅದು ಆರ್‌ಟಿಓದಲ್ಲಿ ದಾಖಲಾಗಿರಬೇಕು.

ಆ ಜಿಪ್ಸಿಯ ಮೂರನೇ ಸಿಲಿಂಡರ್ ಕಡಿಮೆ ಬಂತು, ಆಯಿಲ್ ಬಿಟ್ಟ ಮೇಲೆ ಏರಿತು. ಚಾಸಿ ಗಟ್ಟಿಯಾಗಿತ್ತು, ತುಕ್ಕು ಇರಲಿಲ್ಲ. ಹಾಗಾಗಿ ಎಂಜಿನ್ ಮತ್ತೆ ಇಳಿಸುವ ಖರ್ಚು ಕಳೆದು ಚೌಕಾಸಿ ಮಾಡಿ ಗೆಳೆಯ ಗಾಡಿ ತಗೊಂಡ. ಮುಂದಿನ ತಿಂಗಳು ಮೆಕ್ಯಾನಿಕ್ ಹೆಡ್ ಬಿಚ್ಚಿ, ಪಿಸ್ಟನ್ ತಲೆಯನ್ನು ಬಟ್ಟೆಯಿಂದ ಒರೆಸಿ ನಮ್ಮನ್ನು ಹತ್ತಿರ ಕರೆದರು. ಅಲ್ಲಿ 0.25 ಇರಲಿಲ್ಲ, 0.50 ಇರಲಿಲ್ಲ. ಕಂಪನಿಯಿಂದ ಬಂದ ಸ್ಟ್ಯಾಂಡರ್ಡ್ ಪಿಸ್ಟನ್ನೇ ಇತ್ತು.