ಉಚಿತ ಸೀಟಿನ ಹಣ ಯಾರ ಜೇಬಿನದು?

1992ರ ಜುಲೈ ಕೊನೆಯಿಂದ 1993ರ ಫೆಬ್ರವರಿ ಮೊದಲ ವಾರದವರೆಗೆ, ಸರಿಸುಮಾರು ಆರು ತಿಂಗಳ ಕಾಲ, ಭಾರತದಲ್ಲಿ ಕಾಲೇಜು ಶಿಕ್ಷಣವೂ ಮೂಲಭೂತ ಹಕ್ಕಾಗಿತ್ತು. ಹಾಗೆಂದು ಸಾರಿದ್ದು ಸುಪ್ರೀಂ ಕೋರ್ಟ್. ಸಾರುವಂತೆ ಮಾಡಿದ್ದು ಕರ್ನಾಟಕ ಸರ್ಕಾರದ ಒಂದು ಅಧಿಸೂಚನೆ. ವಿಶ್ವವಿದ್ಯಾಲಯದ ಓದನ್ನು ಸರ್ಕಾರ ಎಲ್ಲರಿಗೂ ಪುಕ್ಕಟೆಯಾಗಿ ಕೊಡಬೇಕೇ ಎಂಬ ಪ್ರಶ್ನೆಯನ್ನು ಬೇರೆ ದೇಶಗಳು ಚುನಾವಣೆ ಮತ್ತು ಬಜೆಟ್‌ಗಳಲ್ಲಿ ಎದುರಿಸಿದವು. ಇಂಗ್ಲೆಂಡ್ 1998ರಲ್ಲಿ ಬೋಧನಾ ಶುಲ್ಕ ವಸೂಲಿಗೆ ತೊಡಗಿತು. ಜರ್ಮನಿಯಲ್ಲಿ ಶುಲ್ಕ ವಿಧಿಸಿದ್ದ ರಾಜ್ಯಗಳು ಒಂದೊಂದಾಗಿ ಹಿಂದೆ ಸರಿದು, 2014ರ ಹೊತ್ತಿಗೆ ಕೊನೆಯ ರಾಜ್ಯವೂ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಮಾತ್ರ ಆ ಪ್ರಶ್ನೆ ಖಜಾನೆಯ ಬಾಗಿಲಿಗೆ ಹೋಗದೆ ಕೋರ್ಟಿನ ಮೆಟ್ಟಿಲು ಹತ್ತಿತು.

ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದ 1916ರಲ್ಲಿ ಹಳ್ಳಿಯ ಬಡ ಹುಡುಗನಿಗೆ ಫೀಸಿಗಿಂತ ಮೊದಲು ಎದುರಾಗುತ್ತಿದ್ದುದು ಊಟದ ಚಿಂತೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಮಾಡಿ ಓದಿದವರ ಒಂದು ತಲೆಮಾರೇ ಇತ್ತು. ಆದರೆ ಆ ಜಗಲಿಗಳೂ ಜಾತಿ ನೋಡಿಯೇ ಎಲೆ ಹಾಕುತ್ತಿದ್ದವು ಎಂಬುದನ್ನು ಮರೆತು ಭಾವುಕರಾಗುವಂತಿಲ್ಲ. ಉಳಿದವರಿಗೆ ಆಸರೆಯಾದದ್ದು ಸಿದ್ಧಗಂಗೆಯಂಥ ಮಠಗಳು, ಸಮುದಾಯಗಳು ಕಟ್ಟಿಕೊಂಡ ಹಾಸ್ಟೆಲ್‌ಗಳು ಮತ್ತು ಮುಂದೆ 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರ ಹೆಚ್ಚಿಸಿದ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯೂ ಹಿಂದುಳಿದವರ ಓದಿಗೆ ವಿದ್ಯಾರ್ಥಿವೇತನದ ನೆರವು ಬೇಕೆಂದು ಹೇಳಿತ್ತು. ಫೀಸು ಮನ್ನಾ ಮಾಡಿದ ಮಾತ್ರಕ್ಕೆ ಹುಡುಗ ಕಾಲೇಜಿಗೆ ಬರುವುದಿಲ್ಲ ಎಂಬ ತಿಳಿವಳಿಕೆ ಈ ನಾಡಿಗೆ ನೂರು ವರ್ಷ ಹಳೆಯದು.

ಜಗಳದ ಬೇರು ಬೇರೆಡೆ ಇದೆ. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಸರ್ಕಾರದ ಬಳಿ ಹಣವಿಲ್ಲದಿದ್ದರೆ ಸೇರುವವರಿಂದಲೇ ಹಣ ಪಡೆದು ಕಾಲೇಜು ಕಟ್ಟಬಹುದು ಎಂದು ತೋರಿಸಿಕೊಟ್ಟ ಸಾಹಸ ಅದು. 1970ರ ದಶಕದ ಕೊನೆಗೆ ಆ ದಾರಿ ಹೆದ್ದಾರಿಯಾಯಿತು. ಜಿಲ್ಲೆ ಜಿಲ್ಲೆಗಳಲ್ಲಿ ಟ್ರಸ್ಟ್‌ಗಳು ಹುಟ್ಟಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ತಲೆಯೆತ್ತಿದವು. ಉತ್ತರ ಭಾರತದ ಹುಡುಗರು ಸೂಟ್‌ಕೇಸ್ ಹಿಡಿದು ರೈಲಿಳಿಯತೊಡಗಿದರು. ಡೊನೇಷನ್ ಎಂಬ ಮಾತು ಕನ್ನಡದ್ದೇ ಎನ್ನುವಷ್ಟು ಮನೆಮಾತಾಯಿತು.

ಇದನ್ನು ತಡೆಯಲೆಂದು ರಾಮಕೃಷ್ಣ ಹೆಗಡೆ ಅವರ ಸರ್ಕಾರವಿದ್ದಾಗ, 1984ರಲ್ಲಿ, ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ಕಾಲೇಜು ವಸೂಲಿ ಮಾಡುವ ಹೆಚ್ಚುವರಿ ಹಣ, ನಿಷೇಧಿಸುವ ಕಾಯ್ದೆ ಬಂತು. ಆದರೆ ಕಾಲೇಜುಗಳ ಶುಲ್ಕ ನಿಗದಿಪಡಿಸುವ ಅಧಿಕಾರವನ್ನು ಅದೇ ಕಾಯ್ದೆ ಸರ್ಕಾರದ ಕೈಗೆ ಕೊಟ್ಟಿತ್ತು. 1989ರ ಜೂನ್ 5ರಂದು, ರಾಜ್ಯ ರಾಷ್ಟ್ರಪತಿ ಆಳ್ವಿಕೆಯಲ್ಲಿದ್ದಾಗ, ಆ ಅಧಿಕಾರ ಬಳಸಿ ಒಂದು ಅಧಿಸೂಚನೆ ಹೊರಟಿತು. ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಿಗೆ ಕರ್ನಾಟಕದವರಾದರೆ 25,000ದವರೆಗೆ, ಹೊರರಾಜ್ಯದವರಾದರೆ 60,000ದವರೆಗೆ. ನಿಷೇಧಿಸಿದ್ದನ್ನೇ ದರಪಟ್ಟಿ ಮಾಡಿ ಅಂಟಿಸಿದ ಹಾಗಾಯಿತು.

ಮೀರತ್‌ನ ವಿದ್ಯಾರ್ಥಿನಿಯೊಬ್ಬರು ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿಗೆ ಸೇರಲು ಬಂದಾಗ ಕೇಳಿದ್ದು ಆ 60,000, ಜೊತೆಗೆ ಮುಂದಿನ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಖಾತರಿ. ಅಷ್ಟು ಕೊಡುವ ಶಕ್ತಿ ಮನೆಯವರಿಗೆ ಇರಲಿಲ್ಲ. ಮೋಹಿನಿ ಜೈನ್ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕು ಅಡಗಿದೆ, ಅದು ಎಲ್ಲ ಹಂತದ ಶಿಕ್ಷಣಕ್ಕೂ ಅನ್ವಯಿಸುತ್ತದೆ ಎಂದಿತು. ಸರ್ಕಾರ ಏನೇ ಹೆಸರಿಟ್ಟರೂ ಆ 60,000 ಕ್ಯಾಪಿಟೇಷನ್ ಶುಲ್ಕವೇ ಎಂದೂ ಹೇಳಿತು. ಅರ್ಜಿದಾರರಿಗೆ ಮಾತ್ರ ಸೀಟು ಸಿಗಲಿಲ್ಲ. ಪ್ರವೇಶ ಅರ್ಹತೆಯ ಪಟ್ಟಿಯ ಮೇಲಿನದಲ್ಲ, ತರಗತಿಗಳೂ ಎಂದೋ ಆರಂಭವಾಗಿವೆ ಎಂಬುದು ಅದಕ್ಕೆ ಕೊಟ್ಟ ಕಾರಣ. ದೇಶಕ್ಕೆಲ್ಲ ಹಕ್ಕು ಗೆದ್ದುಕೊಟ್ಟವರು ಬರಿಗೈಯಲ್ಲಿ ಮರಳಬೇಕಾಯಿತು.

ಖಾಸಗಿ ಆಡಳಿತ ಮಂಡಳಿಗಳು ಸುಮ್ಮನಿರಲಿಲ್ಲ, ಮತ್ತೆ ಸುಪ್ರೀಂ ಕೋರ್ಟಿಗೆ ಹೋದವು. ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 1993ರ ಫೆಬ್ರವರಿ 4ರಂದು ಆ ಹಕ್ಕನ್ನು ಮೊಟಕುಗೊಳಿಸಿತು. 14 ವರ್ಷದವರೆಗೆ ಅದು ಹಕ್ಕು, ಆಮೇಲೆ ರಾಜ್ಯದ ಆರ್ಥಿಕ ಶಕ್ತಿ ಇದ್ದಷ್ಟು. ಜೊತೆಗೇ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಿಗೆ ಪೀಠವೇ ಒಂದು ಯೋಜನೆ ಬರೆದುಕೊಟ್ಟಿತು: ಅರ್ಧ ಉಚಿತ ಸೀಟು, ಅರ್ಧ ಪೇಮೆಂಟ್ ಸೀಟು, ಎರಡಕ್ಕೂ ಅಂಕವೇ ಮಾನದಂಡ. ಉಚಿತ ಎಂದರೂ ಪೂರ್ತಿ ಪುಕ್ಕಟೆಯಲ್ಲ, ಸರ್ಕಾರಿ ಕಾಲೇಜಿನಷ್ಟೇ ಶುಲ್ಕ. 1994ರಿಂದ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯತೊಡಗಿದ ಮೇಲೆ ರ‍್ಯಾಂಕ್ ಕಾರ್ಡ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಕಡತ ಹಿಡಿದು ಮಕ್ಕಳೊಂದಿಗೆ ಬೆಂಗಳೂರಿಗೆ ಬರುವ ತಂದೆತಾಯಿಯರ ದಂಡು ಪ್ರತಿ ವರ್ಷದ ನೋಟವಾಯಿತು. ಡೊನೇಷನ್ ಕೊಡಲಾಗದ ಸಾವಿರಾರು ಮನೆಗಳಿಂದ ಎಂಜಿನಿಯರ್‌ಗಳು, ವೈದ್ಯರು ಬಂದದ್ದು ನಿಜ. ಆ ವ್ಯವಸ್ಥೆಯನ್ನು ಹಳಿಯುವವರು ಇದನ್ನು ಮೊದಲು ಒಪ್ಪಿಕೊಳ್ಳಬೇಕು.

ಹಾಗಾದರೆ ಉಚಿತ ಸೀಟಿನ ನಿಜವಾದ ಖರ್ಚು ಕೊಟ್ಟವರು ಯಾರು? ಸರ್ಕಾರವಲ್ಲ. ಪಕ್ಕದ ಬೆಂಚಿನಲ್ಲಿ ಕುಳಿತ ಪೇಮೆಂಟ್ ಸೀಟಿನ ಸಹಪಾಠಿ.

ಈ ಎಳೆಯನ್ನೇ ಹಿಡಿದು ಜಗ್ಗಿದ್ದು ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆ. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ 1993ರ ಯೋಜನೆಯನ್ನು ರದ್ದುಪಡಿಸಿತು. ಪೀಠ ಕಂಡುಕೊಂಡ ಸಂಗತಿ ಇಡೀ ಚರ್ಚೆಯ ಹೂರಣ ಎಂದು ನನ್ನ ಎಣಿಕೆ. ಹೆಚ್ಚು ಅಂಕ ಪಡೆದು ಉಚಿತ ಸೀಟು ಹಿಡಿಯುವವರು ಬಹುಪಾಲು ಒಳ್ಳೆಯ ಶಾಲೆ ಕಂಡ, ನಗರದ ಅನುಕೂಲಸ್ಥರ ಮಕ್ಕಳು. ಕೆಲವೇ ಅಂಕಗಳಿಂದ ಹಿಂದೆ ಬಿದ್ದ ಹಳ್ಳಿಯ ಅಥವಾ ಬಡ ವಿದ್ಯಾರ್ಥಿ ತನ್ನ ಶುಲ್ಕದ ಜೊತೆಗೆ ಅವರದನ್ನೂ ಹೊರುತ್ತಿದ್ದಾನೆ. ಬಡವನಿಗೆಂದು ಮಾಡಿದ ಏರ್ಪಾಟು ತಲೆಕೆಳಗಾಗಿತ್ತು.

ಎಲ್ಲರಿಗೂ ಉಚಿತ ಶಿಕ್ಷಣ ಬೇಡ ಎನ್ನುವವರು ಈ ಮಾತನ್ನು ಇಂದಿಗೂ ಆಯುಧ ಮಾಡಿಕೊಳ್ಳುತ್ತಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಶಾಲೆಗಳ ನಡುವೆ ಅಜಗಜಾಂತರ ಇರುವಾಗ ಅಂಕ ನೋಡಿ ಉಚಿತ ಕೊಟ್ಟರೆ ಅದು ಉಳ್ಳವರ ಪಾಲಾಗುತ್ತದೆ, ನಿಜ. ಆದರೆ ಇಲ್ಲಿ ಸೋತದ್ದು ತೆರಿಗೆಯ ಹಣದಿಂದ ನಡೆಯುವ ಉಚಿತ ಶಿಕ್ಷಣವಲ್ಲ. ಅದನ್ನು ವೃತ್ತಿಶಿಕ್ಷಣದಲ್ಲಿ ನಾವು ಅಷ್ಟು ದೊಡ್ಡ ಪ್ರಮಾಣದಲ್ಲಿ ಪ್ರಯತ್ನಿಸಿಯೇ ಇಲ್ಲ. ತಾನು ಕಾಸು ಬಿಚ್ಚದೆ ಉಚಿತ ಕೊಟ್ಟ ಹೆಸರನ್ನು ಸರ್ಕಾರ ಸುಮಾರು ಒಂದು ದಶಕ ಅನುಭವಿಸಿತು, ಅಷ್ಟೇ.

ಮುಂದಿನದು ಚೌಕಾಸಿಯ ಚರಿತ್ರೆ. ಸುಪ್ರೀಂ ಕೋರ್ಟಿನ 2003 ಮತ್ತು 2005ರ ತೀರ್ಪುಗಳು, ಖಾಸಗಿ ಕಾಲೇಜುಗಳದೇ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆ, ಮ್ಯಾನೇಜ್‌ಮೆಂಟ್ ಕೋಟಾ, ಸೀಟು ಹಂಚಿಕೆಗೆ ಸರ್ಕಾರ ಮತ್ತು ಕಾಲೇಜುಗಳ ನಡುವೆ ವರ್ಷವರ್ಷವೂ ಒಪ್ಪಂದ. ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶ ಮತ್ತು ಶುಲ್ಕದ ಬಗ್ಗೆ 2006ರಲ್ಲಿ ಮಾಡಿದ ಕಾಯ್ದೆಯನ್ನು ಜಾರಿಗೆ ತರಲು 2013ರ ಕೊನೆಯಲ್ಲಿ ಹೊರಟಾಗ, ಸಿಇಟಿ ಸೀಟು ಕೈತಪ್ಪುತ್ತದೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಸರ್ಕಾರ ಹಿಂದೆ ಸರಿಯಿತು.

ಇಷ್ಟೆಲ್ಲ ಗದ್ದಲದಲ್ಲಿ ಬಿ.ಎ., ಬಿ.ಕಾಂ. ಓದುವವರ ಮಾತು ಬರುವುದೇ ಅಪರೂಪ. ಬಡವರ ಮಕ್ಕಳು ಹೆಚ್ಚಾಗಿ ಇರುವುದು ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ. ಅಲ್ಲಿನ ಶುಲ್ಕ ಖಾಸಗಿ ಕಾಲೇಜಿನದಕ್ಕೆ ಹೋಲಿಸಿದರೆ ತೀರಾ ಕಡಿಮೆ. 2023ರ ಫೆಬ್ರವರಿಯಲ್ಲಿ ಬಸವರಾಜ ಬೊಮ್ಮಾಯಿ ತಮ್ಮ ಬಜೆಟ್‌ನಲ್ಲಿ ಸರ್ಕಾರಿ ಪಿಯು ಮತ್ತು ಪದವಿ ಕಾಲೇಜುಗಳ ಓದನ್ನು ಉಚಿತಗೊಳಿಸುವುದಾಗಿ ಘೋಷಿಸಿದರು. ಮೇ ತಿಂಗಳಲ್ಲಿ ಸರ್ಕಾರವೇ ಬದಲಾಯಿತು. ಹೊಸ ಸರ್ಕಾರ ಜೂನ್ 11ರಂದು ಆರಂಭಿಸಿದ, ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ಯಾರೂ ಉನ್ನತ ಶಿಕ್ಷಣದ ಯೋಜನೆ ಎಂದು ಕರೆಯಲಿಲ್ಲ. ಆದರೆ ದಿನವೂ ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಓಡಾಡುವ ಹುಡುಗಿಗೆ ಬಸ್ಸಿನ ಖರ್ಚು ಉಳಿಯುವುದೆಂದರೆ, ಮನೆಯವರು ಓದು ಬಿಡಿಸಲು ಕೊಡುತ್ತಿದ್ದ ಒಂದು ಕಾರಣ ಇಲ್ಲವಾದಂತೆ.

ಅದೇ ವರ್ಷ ನವೆಂಬರ್‌ನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡುವಂತೆ ಒತ್ತಾಯಿಸಿ ತರಗತಿ ಬಿಟ್ಟು ಧರಣಿ ಕುಳಿತರು. ಈ ಕಾಲೇಜುಗಳ ಪಾಠದ ಬಹುದೊಡ್ಡ ಹೊರೆ ಅವರ ಮೇಲೆಯೇ ಇದೆ. ಬಸ್ಸಿಳಿದು ಬಂದ ವಿದ್ಯಾರ್ಥಿಗಳಿಗೆ ಆ ದಿನಗಳಲ್ಲಿ ಎಷ್ಟೋ ಕಡೆ ಪಾಠವೇ ಇರಲಿಲ್ಲ. ಶುಲ್ಕ ಮನ್ನಾಕ್ಕಿಂತ ಉಪನ್ಯಾಸಕರ ಸಂಬಳಕ್ಕೆ ಬೇಕಾಗುವ ಹಣ ಎಷ್ಟೋ ದೊಡ್ಡದು. ಅದನ್ನು ಇನ್ನೊಬ್ಬ ವಿದ್ಯಾರ್ಥಿಯ ಜೇಬಿಗೆ ದಾಟಿಸುವ ಉಪಾಯ ಯಾವ ಕೋರ್ಟಿನ ಬಳಿಯೂ ಇಲ್ಲ.